ರೋಲರಕ್ಕನ ಸೋಮವಾರದ ರೇಸು

ಲಾಂಡ್ರಿಯಲ್ಲಿ ಎಲ್ಲರೂ ಚೀಟಿ ಎಂದು ಕರೆಯುತ್ತಿದ್ದ ಆ ಯುವಕ, ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಒಬ್ಬ ಹೆಂಗಸಿನ ಸಂಸಾರ ಸರಿಪಡಿಸಲು ಹೊರಟು ನಗೆಪಾಟಲಾದ. ಹೋಟೆಲುಗಳಿಂದ ಬಂದ ಗಂಟುಗಳನ್ನು ಬಿಚ್ಚಿ, ಯಾವ ಹಾಸು ಯಾವ ಹೋಟೆಲಿನದೆಂದು ಚೀಟಿ ಚುಚ್ಚುವುದು ಅವನ ಕೆಲಸ. ಪದವಿ ಮುಗಿಸಿ, ಅಲ್ಲಿ ಇಲ್ಲಿ ಸಂದರ್ಶನಗಳಲ್ಲಿ ತಲೆ ಕೆರೆದುಕೊಂಡು, ಕೊನೆಗೆ ಊರಿನವರೆಲ್ಲ ಮಲಗಿ ಎದ್ದ ಬೆಡ್‌ಶೀಟುಗಳಿಗೆ ನಾಮಕರಣ ಮಾಡುವ ಹುದ್ದೆ ಸಿಕ್ಕಿತ್ತು. ಮನೆಯಲ್ಲಿ ಮಾತ್ರ ‘ಹೋಟೆಲ್ ಲೈನಿನಲ್ಲಿದ್ದೇನೆ’ ಎಂದು ಹೇಳಿಕೊಂಡಿದ್ದ.

ಆ ದಿನ ಅವನ ಮೇಜಿನ ಹಿಂದೆ ಇಬ್ಬರು ಹೆಂಗಸರು ಮಾತಾಡುತ್ತಿದ್ದರು. ಒಬ್ಬಳು ದೊಡ್ಡ ಇಸ್ತ್ರಿ ಯಂತ್ರಕ್ಕೆ ಹಾಸು ಊಡಿಸುವ ರೋಲರಕ್ಕ. ಇನ್ನೊಬ್ಬಳು ಹರಿದದ್ದನ್ನು ಹೊಲಿಯುವ ಹೊಲಿಗೆಯಮ್ಮ, ರೋಲರಕ್ಕನ ಒಡಹುಟ್ಟಿದ ಅಕ್ಕ.

“ಹನ್ನೊಂದು ವರ್ಷ ಸಾಕಿದ ಮನೆ ಕಣಕ್ಕ. ಬಿದ್ದಾಗ ಎತ್ತಿದ್ರು, ಕಾಲು ಮುರಿದಾಗ ಕಾದ್ರು. ಒಂದು ಮಾತು ಹೇಳದೆ ಹೋಗಿ ಆ ಶತ್ರುಗಳ ಮನೆಗೇ ಸೇರ್ಕೊಂಡ.”

“ಹೋಗ್ಲಿ ಬಿಡೇ. ಅಲ್ಲಿ ಚೆನ್ನಾಗಿ ನೋಡ್ಕೋತಾರೇನೋ.”

“ಏನು ನೋಡ್ಕೋತಾರೆ? ಆ ದೊಡ್ಡವನು ಇರೋ ತನಕ ಇವನು ಹಿಂದೆ ಹಿಂದೆ ಓಡಾಡ್ಬೇಕು ಅಷ್ಟೆ.”

ಹೀಗೆಂದು ರೋಲರಕ್ಕ ಟವೆಲಿನಿಂದ ಕಣ್ಣೊರೆಸಿಕೊಂಡಳು. ಇಸ್ತ್ರಿಯ ಹಬೆಗೆ ಅವಳ ಕಣ್ಣು ದಿನವೂ ಹಾಗೆ ನೀರೂರುತ್ತದೆಂಬುದು ಚೀಟಿಗೆ ಆಗಿನ್ನೂ ಗೊತ್ತಿರಲಿಲ್ಲ. ಮಗ ಮನೆ ಬಿಟ್ಟು ಹೋಗಿ, ಹಗೆಯ ಮನೆಗೆ ಮನೆಯಳಿಯನಾಗಿದ್ದಾನೆ ಎಂದು ಅವನು ಲೆಕ್ಕ ಹಾಕಿದ. ಊಟದ ಹೊತ್ತಿನಲ್ಲಿ ಹತ್ತಿರ ಹೋಗಿ, ತಗ್ಗಿದ ದನಿಯಲ್ಲಿ, “ಅಕ್ಕ, ಮನಸ್ಸಿಗೆ ಹಚ್ಕೋಬೇಡಿ. ನಮ್ಮ ಚಿಕ್ಕಪ್ಪನ ಮಗನೂ ಹೀಗೇ ಮಾಡಿದ್ದ. ಒಂದು ಮಗು ಆಗ್ಲಿ, ತಾನಾಗೇ ವಾಪಸ್ ಬರ್ತಾನೆ” ಎಂದ.

ರೋಲರಕ್ಕ ಡಬ್ಬಿಯ ಮುಚ್ಚಳ ಹಿಡಿದಂತೆಯೇ ಅವನನ್ನು ನೋಡಿದಳು.

“ಯಾರಿಗೆ ಮಗು?”

“ಅದೇ... ನಿಮ್ಮ ಮಗನಿಗೆ.”

“ನನಗಿರೋದು ಒಬ್ಬಳೇ ಮಗಳು. ನಾನು ಹೇಳ್ತಿದ್ದದ್ದು ಕುಳ್ಳನ ವಿಷಯ. ಫಾರ್ಮುಲಾ ರೇಸ್ ಓಡಿಸ್ತಾನಲ್ಲ, ಅವನು. ಕಿತ್ತಳೆ ಟೀಮ್ ಬಿಟ್ಟು ಕೆಂಪು ಟೀಮಿಗೆ ಹೋದ.” ನಂತರ ಅಕ್ಕನ ಕಡೆ ತಿರುಗಿ, “ನೋಡೇ ಅಕ್ಕ, ಕುಳ್ಳನಿಗೆ ಮಗು ಹುಟ್ಟಿಸ್ತಿದ್ದಾನೆ ಈ ಹುಡುಗ” ಎಂದಳು. ಇಡೀ ಹಾಲ್ ನಕ್ಕಿತು. ಅಂದಿನಿಂದ ಚೀಟಿ, ಮರ್ಯಾದೆ ಉಳಿಸಿಕೊಳ್ಳಲೆಂದೇ, ತಾನೂ ರೇಸಿನ ಹುಚ್ಚನೆಂದು ಹೇಳಿಕೊಳ್ಳತೊಡಗಿದ. ಆವರೆಗೆ ಅವನು ನೋಡಿದ್ದ ಅತಿ ವೇಗದ ವಾಹನ, ತಪ್ಪಿಸಿಕೊಂಡ ಬಸ್ಸು.

ರೋಲರಕ್ಕನಿಗೆ ಐವತ್ತು ದಾಟಿತ್ತು. ಮೈಕಟ್ಟು ಸಣ್ಣದು, ಮುಂಗೈ ಮಾತ್ರ ಕುಸ್ತಿಯವನದು. ಎರಡೂ ಮುಂಗೈ ಮೇಲೆ ಸುಟ್ಟ ಗೆರೆಗಳು ಬಳೆಗಳ ಹಾಗೆ ಸಾಲಾಗಿದ್ದವು. ಒದ್ದೆ ಹಾಸನ್ನು ಎರಡು ತುದಿ ಹಿಡಿದು ಒಮ್ಮೆ ಝಾಡಿಸಿದಳೆಂದರೆ ಅದರ ನಾಲ್ಕು ಮೂಲೆಗಳೂ ತಾವಾಗಿಯೇ ಬಂದು ನಿಲ್ಲುತ್ತಿದ್ದವು. ಚೀಟಿ ಒಮ್ಮೆ ಅದನ್ನು ಮಾಡಹೋಗಿ ತಾನೇ ಹಾಸಿನೊಳಗೆ ಸುತ್ತಿಕೊಂಡಿದ್ದ. ಅವಳಿಗೆ ಕೂತು ಅಭ್ಯಾಸವಿರಲಿಲ್ಲ. ಊಟವೂ ನಿಂತೇ, ಜಗಳವೂ ನಿಂತೇ. ಗಂಡ ಗಡಿಯಾರ ರಿಪೇರಿ ಮಾಡುವ ಮನುಷ್ಯ, ಮಾತು ಕಡಿಮೆ. “ಯಾವತ್ತೂ ಯಾರು ಗೆದ್ರು ಅಂತ ಕೇಳಿಲ್ಲ ನಮ್ಮನೆಯವರು. ಅದಕ್ಕೇ ಸಂಸಾರ ಸುಸೂತ್ರ ನಡೀತಿದೆ” ಎನ್ನುತ್ತಿದ್ದಳು.

ಅವಳು ಕೂರುತ್ತಿದ್ದದ್ದು ಸೋಮವಾರ ಸಂಜೆ ಮಾತ್ರ.

ಅದಕ್ಕೆ ಕಾರಣ ಬಾಯ್ಲರ್. ಹೋಟೆಲುಗಳ ಬಟ್ಟೆ ಬಂದು ಬೀಳುವುದು ಭಾನುವಾರ. ಆ ದಿನ ಲಾಂಡ್ರಿಯಲ್ಲಿ ಯಾರಿಗೂ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಸೋಮವಾರ ಕೆಲಸ ತೆಳು. ನಾಲ್ಕು ಗಂಟೆಗೆ ಬಾಯ್ಲರ್ ಆರಿಸುತ್ತಾರೆ. ಆದರೆ ಒಳಗಿನ ಒತ್ತಡ ಪೂರ್ತಿ ಇಳಿಯುವವರೆಗೆ ಅದನ್ನು ನೋಡಿಕೊಳ್ಳುವವನು ಜಾಗ ಬಿಟ್ಟು ಹೋಗುವ ಹಾಗಿಲ್ಲ. ನೋಡಿಕೊಳ್ಳುವವನು ಹೊಲಿಗೆಯಮ್ಮನ ಗಂಡ. ರೋಲರಕ್ಕ ಅವನನ್ನು ಭಾವ ಎಂದು ಕರೆಯುವುದರಿಂದ ಲಾಂಡ್ರಿಗೆಲ್ಲ ಅವನು ಬಾಯ್ಲರ್ ಭಾವ. ರೋಲರಕ್ಕನನ್ನು ಇಪ್ಪತ್ತು ವರ್ಷದ ಹಿಂದೆ ಇಲ್ಲಿ ಕೆಲಸಕ್ಕೆ ಸೇರಿಸಿದವನೂ ಅವನೇ. ಆಗೆಲ್ಲ ಅವನ ಸ್ಕೂಟರಿನಲ್ಲಿ ಅಕ್ಕ ತಂಗಿ ಇಬ್ಬರೂ ಮನೆಗೆ ಹೋಗಬೇಕಿದ್ದುದರಿಂದ ಹಬೆ ಇಳಿಯುವವರೆಗೆ ಕಾಯುತ್ತಿದ್ದರು. ಒಂದು ಹೋಟೆಲು ಎಸೆಯಲಿದ್ದ ಟಿ.ವಿ.ಯನ್ನು ವ್ಯಾನಣ್ಣ, ಎಂದರೆ ಬಟ್ಟೆ ಸಾಗಿಸುವ ವ್ಯಾನಿನ ಡ್ರೈವರ್, ಹೊತ್ತು ತಂದು, ಬಟ್ಟೆ ಮಡಿಸಿಡುವ ಮಡಿಕೆ ಕೋಣೆಯಲ್ಲಿಟ್ಟ. ಹಿಂದಿನ ದಿನದ ರೇಸನ್ನು ಯಾರೋ ಹಾಕಿದರು. ಅದರಲ್ಲಿ ಎಲ್ಲರಿಗಿಂತ ಕೊನೆಯಲ್ಲಿ ಬಂದ ಒಬ್ಬ ಕುಳ್ಳ ಇಳಿದು, ಕೆಟ್ಟು ಹೊಗೆಯಾಡುತ್ತಿದ್ದ ಕಾರಿನ ಬೆನ್ನು ತಟ್ಟಿ ಹೋದ. “ನೋಡು, ಹಸುವಿಗೆ ತಟ್ಟಿದ ಹಾಗೆ ತಟ್ದ. ಇವನು ನಮ್ಮವನು” ಎಂದಳು ರೋಲರಕ್ಕ. ಅಷ್ಟೇ. ಕೆಲವರಿಗೆ ಮದುವೆಯೂ ಇಷ್ಟು ಬೇಗ ನಿಶ್ಚಯವಾಗುವುದಿಲ್ಲ.

ಭಾವನಿಗೆ ಗೆಲ್ಲುವವರೆಂದರೆ ಇಷ್ಟ. ಅವನ ಆಯ್ಕೆ ಕೆಂಪು ಟೀಮಿನ ಒಬ್ಬ, ಇವರ ಬಾಯಲ್ಲಿ ಅವನ ಹೆಸರು ‘ಯಂತ್ರ’. ನಗುವುದಿಲ್ಲ, ಬೆವರುವುದಿಲ್ಲ, ಸೋಲುವುದಿಲ್ಲ. ಮೂರು ವರ್ಷದಿಂದ ಎಲ್ಲ ರೇಸುಗಳನ್ನೂ ಹೆಚ್ಚುಕಡಿಮೆ ಅವನೇ ಗೆದ್ದಿದ್ದ.

ಹಾಗಿದ್ದೂ ಇವರ ಬಾಯಿಬೀಗ ಮಾತ್ರ ಸಡಿಲವಾಗಲಿಲ್ಲ. ಬಾಯಿಬೀಗವೆಂದರೆ ಮಡಿಕೆ ಕೋಣೆಯ ಕಾನೂನು. ಭಾನುವಾರ ರೇಸ್ ಶುರುವಾದಾಗಿನಿಂದ ಸೋಮವಾರ ಸಂಜೆ ಇವರು ನೋಡಿ ಮುಗಿಸುವವರೆಗೆ ಫಲಿತಾಂಶ ಯಾರ ಕಿವಿಗೂ ಬೀಳಬಾರದು. ಪೇಪರಿನ ಆಟದ ಪುಟವನ್ನು ಹೊಲಿಗೆಯಮ್ಮ ಸೂಜಿ ಹಾಕಿ ಹೊಲಿದುಬಿಡುತ್ತಿದ್ದಳು. ಊರೆಲ್ಲ ಸುತ್ತುವ ವ್ಯಾನಣ್ಣ ಹೋಟೆಲಿನ ಹಿಂಬಾಗಿಲಲ್ಲಿ ಗುಂಪು ಕಂಡರೆ ಎರಡೂ ಕಿವಿಗೆ ಬೆರಳಿಟ್ಟು, ಗಂಟನ್ನು ಕಾಲಿನಿಂದ ತಳ್ಳುತ್ತಿದ್ದ. ಗೆಲ್ಲುವವನು ಯಂತ್ರ ಎಂಬುದು ಗೋಡೆಗೂ ಗೊತ್ತು. ಅದನ್ನು ಗೊತ್ತಿಲ್ಲದಂತೆ ಕಾಪಾಡಲು ನಾಲ್ಕು ಜನ ಇಷ್ಟು ಕಷ್ಟಪಡುತ್ತಿದ್ದರು. ಚೀಟಿ ಐದನೆಯವನಾದ.

ಅವನಿಗೆ ಎರಡು ಜವಾಬ್ದಾರಿ ಸಿಕ್ಕವು. ಒಂದು, ರೇಸನ್ನು ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ತರುವುದು. ಇನ್ನೊಂದು, ಇಂಗ್ಲಿಷ್ ವೀಕ್ಷಕ ವಿವರಣೆಯನ್ನು ಕನ್ನಡದಲ್ಲಿ ಹೇಳುವುದು. ಇಂಗ್ಲಿಷಿನಲ್ಲಿ ಬಿ.ಎ. ಮಾಡಿದ್ದೇನೆಂದು ಅವನೇ ಕೊಚ್ಚಿಕೊಂಡಿದ್ದ. ಆ ವಿವರಣೆಗಾರರೋ, ಹಾವು ಕಂಡವರ ಹಾಗೆ ಒಂದೇ ಉಸಿರಿನಲ್ಲಿ ಅರಚುತ್ತಿದ್ದರು. ಜೊತೆಗೆ ಗೋಡೆಯ ಫ್ಯಾನಿನ ಭೋರ್ಗರೆತ. ಹತ್ತು ಮಾತಿಗೆ ಒಂದು ಅವನಿಗೆ ತಿಳಿಯುತ್ತಿತ್ತು, ಉಳಿದ ಒಂಬತ್ತನ್ನು ಪರದೆ ನೋಡಿ ಹೊಸೆಯುತ್ತಿದ್ದ. ಪರದೆಯೂ ಅಂಥದ್ದೇ. ಟಿ.ವಿ.ಯಲ್ಲಿ ಕೆಂಪು ಬಣ್ಣ ಸತ್ತು ವರ್ಷವಾಗಿತ್ತು. ಕೆಂಪು ಟೀಮಿನ ಕಾರು ಕಪ್ಪಾಗಿ ಕಾಣುತ್ತಿತ್ತು, ಕಿತ್ತಳೆಯದು ಪಾಚಿಗಪ್ಪು. ಎರಡಕ್ಕೂ ವ್ಯತ್ಯಾಸ ಹುಡುಕಲು ಕನ್ನಡಕ ಒರೆಸಬೇಕು. ಚಿತ್ರದ ಎರಡು ಬದಿಯೂ ಕತ್ತರಿಸಿ ಬರುತ್ತಿದ್ದುದರಿಂದ ಹೆಸರಿನ ಸಾಲು ಕಾಣುತ್ತಲೇ ಇರಲಿಲ್ಲ. ಇವರು ಡ್ರೈವರುಗಳನ್ನು ಗುರುತಿಸುತ್ತಿದ್ದದ್ದು ಹೆಲ್ಮೆಟ್ಟಿನ ಗೆರೆಗಳಿಂದ.

ಚೀಟಿಗೆ ಮೂರನೆಯ ಜವಾಬ್ದಾರಿಯೂ ಇತ್ತು, ಅದನ್ನು ಯಾರೂ ಹೇಳಿ ಕೊಟ್ಟಿರಲಿಲ್ಲ. ರೋಲರಕ್ಕನೂ ಭಾವನೂ ನೇರವಾಗಿ ಮಾತಾಡುತ್ತಿರಲಿಲ್ಲ. ಆರು ವರ್ಷದ ಹಿಂದೆ ಇಸ್ತ್ರಿ ಹಾಲ್‌ನ ಮೇಲ್ವಿಚಾರಕನ ಕೆಲಸ ಖಾಲಿಯಾದಾಗ ಎಲ್ಲರೂ ಅದು ರೋಲರಕ್ಕನಿಗೇ ಎಂದುಕೊಂಡಿದ್ದರು. ಮ್ಯಾನೇಜರು ಹಿರಿಯನೆಂದು ಭಾವನ ಅಭಿಪ್ರಾಯ ಕೇಳಿದ. ಭಾವ, “ಕೆಲಸಕ್ಕೆ ಎತ್ತಿದ ಕೈ ಸಾರ್. ಆದ್ರೆ ನಾಲ್ಕು ಜನರನ್ನ ಸಂಭಾಳಿಸೋದು ಅವಳ ಕೈಲಾಗಲ್ಲ. ಬಾಯಿ ಜೋರು” ಎಂದುಬಿಟ್ಟ. ಮಾತು ಮಧ್ಯಾಹ್ನದೊಳಗೆ ರೋಲರಕ್ಕನ ಕಿವಿಗೆ ಬಿತ್ತು. ಹೊರಗಿನಿಂದ ಒಬ್ಬ ಮೇಲ್ವಿಚಾರಕ ಬಂದ, ಹೋದ, ಇನ್ನೊಬ್ಬ ಬಂದ, ಹೋದ, ಈಗಿರುವವನು ಮೂರನೆಯವನು. ಮೂವರಿಗೂ ಕೆಲಸ ಕಲಿಸಿದವಳು ರೋಲರಕ್ಕ. ಅಂದಿನಿಂದ ಅವಳು ಸ್ಕೂಟರ್ ಹತ್ತಲಿಲ್ಲ, ಬಸ್ಸಿನಲ್ಲಿ ಹೋಗುತ್ತಾಳೆ.

“ಚೀಟಿ, ಆ ಬಾಯ್ಲರಿನವರಿಗೆ ಹೇಳು, ಹಬೆ ಸಾಲ್ತಿಲ್ಲ, ಹಾಸು ಹಸಿಯಾಗೇ ಹೊರಗೆ ಬರ್ತಿದೆ.”

ಬಾಯ್ಲರಿನವರು ಐದಡಿ ದೂರದಲ್ಲಿ ನಿಂತಿರುತ್ತಿದ್ದರು.

“ಚೀಟಿ, ಅವಳಿಗೆ ಹೇಳು, ಹಬೆ ಬೇಕಾದಷ್ಟಿದೆ. ರೋಲರಿನ ಮೇಲಿನ ಬಟ್ಟೆ ಸವೆದು ಚಿಂದಿಯಾಗಿದೆ, ಅದನ್ನ ಬದಲಾಯಿಸಲಿ ಮೊದಲು.”

ಚೀಟಿ ಎರಡನ್ನೂ ಸ್ವಲ್ಪ ಸಕ್ಕರೆ ಬೆರೆಸಿ ದಾಟಿಸುತ್ತಿದ್ದ. ಇಬ್ಬರಿಗೂ ಮೂಲ ಕೇಳಿಸಿಯೇ ಇರುತ್ತಿದ್ದುದರಿಂದ ಆ ಸಕ್ಕರೆ ದಂಡ.

ಆದರೆ ಸೋಮವಾರ ಟಿ.ವಿ. ಹಚ್ಚಿದ ಕೂಡಲೇ ಈ ನಿಯಮ ಕಳಚಿ ಬೀಳುತ್ತಿತ್ತು. ರೇಸಿನ ವಿಷಯ ಮಾತ್ರ ಇಬ್ಬರೂ ಮುಖಕ್ಕೆ ಮುಖ ಕೊಟ್ಟು ಮಾತಾಡುತ್ತಿದ್ದರು, ಅದೂ ಜಗಳದ ದನಿಯಲ್ಲಿ.

“ನಿಮ್ಮ ಯಂತ್ರನನ್ನ ಕೊನೇ ಟೀಮಿನ ಕಾರಲ್ಲಿ ಕೂರಿಸಿ ಭಾವ, ಆಮೇಲೆ ನೋಡೋಣ ಅವನ ಪ್ರತಾಪ.”

“ಅವನನ್ನ ಯಾಕಮ್ಮ ಅಲ್ಲಿ ಕೂರಿಸ್ತಾರೆ? ಒಳ್ಳೇ ಕಾರು ಸುಮ್ಸುಮ್ನೆ ಕೊಡ್ತಾರಾ? ಯೋಗ್ಯತೆ ನೋಡೇ ಕೊಟ್ಟಿರೋದು.”

“ಯೋಗ್ಯತೆ ಯಾರನ್ನ ಕೇಳಿ ತಿಳ್ಕೋತಾರೆ ಅನ್ನೋದ್ರ ಮೇಲಿದೆ ಅದು.”

ಇಂಥ ಮಾತು ಬಂದಾಗ ಹೊಲಿಗೆಯಮ್ಮ ಸೂಜಿಗೆ ದಾರ ಪೋಣಿಸುವವಳ ಹಾಗೆ ತಲೆ ತಗ್ಗಿಸುತ್ತಿದ್ದಳು. ವ್ಯಾನಣ್ಣ, “ಅಯ್ಯೋ, ಟೈರ್ ನೋಡಿ, ಟೈರ್ ಸವೆದಿದೆ” ಎಂದು ಮಾತು ಹೊರಳಿಸುತ್ತಿದ್ದ. ಅವನು ವ್ಯಾನನ್ನು ಮೂರನೇ ಗೇರ್ ದಾಟಿಸಿದ್ದನ್ನು ಕಂಡವರಿಲ್ಲ, ಆದರೆ ಟಿ.ವಿ.ಯ ಮುಂದೆ ಪ್ರತಿಯೊಬ್ಬ ಡ್ರೈವರಿಗೂ ಬುದ್ಧಿ ಹೇಳುತ್ತಿದ್ದ.

ಕುಳ್ಳ ಕೆಂಪು ಟೀಮಿಗೆ ಹೋದ ಮೇಲಂತೂ ಭಾವನ ಮಾತಿಗೆ ಕಡಿವಾಣವೇ ಉಳಿಯಲಿಲ್ಲ. “ಈಗ ನಿನ್ನವನೂ ನಮ್ಮವನೇ ಕಣಮ್ಮ. ಇಬ್ಬರೂ ಒಂದೇ ಮನೆ.”

“ಒಂದೇ ಮನೆಯವರು ಅಂದಾಕ್ಷಣ ಆಗಿಹೋಯ್ತಾ? ನಮ್ಮನ್ನ ನೋಡಿದ್ರೆ ಗೊತ್ತಾಗಲ್ವಾ?”

ಹೊಸ ಋತು ಶುರುವಾಗಿ ಕೆಲವು ರೇಸುಗಳು ಕಳೆದಿದ್ದವು. ಒಂದು ಸೋಮವಾರ ಬೆಳಿಗ್ಗೆ ಹೊಲಿಗೆಯಮ್ಮ ಚೀಟಿಯ ಮೇಜಿನ ಪಕ್ಕ ಸ್ಟೂಲು ಎಳೆದು ಕೂತಳು. ಕಾಲುವೆಯಾಚೆ ಹೊಸದಾಗಿ ಶುರುವಾದ ಲಾಂಡ್ರಿಯವರು ರೋಲರಕ್ಕನನ್ನು ಕರೆದಿದ್ದಾರೆ. ಇಡೀ ಹಾಲಿಗೆ ಮೇಲ್ವಿಚಾರಕಿ. ನಾಳೆ ಬೆಳಿಗ್ಗೆ ಹೂಂ ಅಥವಾ ಉಹೂಂ ಹೇಳಬೇಕು.

“ಹೂಂ ಅಂತಾರಾ?” ಎಂದ ಚೀಟಿ.

“ನನ್ನ ಹತ್ರವೇ ಬಾಯಿ ಬಿಡ್ತಿಲ್ಲ. ಇವತ್ತು ರೇಸ್ ಮುಗಿದ ಮೇಲೆ ನಿನ್ನ ಗಂಡನ ಎದುರಿಗೇ ಹೇಳ್ತೀನಿ ಅಂದಿದ್ದಾಳೆ. ಅವಳು ಬೆಳೆದ್ರೆ ನನಗೆ ಸಂತೋಷವೇ ಕಣಪ್ಪ. ಆದ್ರೆ ಇವರಿಬ್ಬರೂ ಮಾತಾಡೋದು ವಾರಕ್ಕೊಂದ್ಸಲ, ಈ ಹಾಳು ಕಾರುಗಳ ಪುಣ್ಯದಿಂದ. ಅದೂ ತಪ್ಪಿದ್ರೆ ಜೀವಮಾನ ಪೂರ್ತಿ ಗಂಡನಿಗೂ ತಂಗಿಗೂ ಮಧ್ಯೆ ನಾನೇ ಟೆಲಿಫೋನ್ ತಂತಿ ಆಗ್ಬೇಕು. ಇವತ್ತು ಒಳ್ಳೇ ರೇಸ್ ತಂದು ಹಾಕು. ಇವರ ಮೂಗಿನ ತುದಿ ಕೋಪ ಸ್ವಲ್ಪ ಇಳಿದಿರ್ಲಿ.”

ರೇಸ್ ಒಳ್ಳೆಯದಾಗಿರುವುದು ಚೀಟಿಯ ಕೈಯಲ್ಲಿದೆಯೇನೋ ಎಂಬಂತೆ ಅವಳು ಹೇಳಿದಳು, ಅವನೂ ತನ್ನ ಕೈಯಲ್ಲಿದೆ ಎಂಬಂತೆಯೇ ಒಪ್ಪಿಕೊಂಡ. ಊಟದ ಬಿಡುವಿನಲ್ಲಿ ಓಡಿ ಹತ್ತಿರದ ಸೈಬರ್ ಅಂಗಡಿಗೆ ಹೋದ. ಫಲಿತಾಂಶ ಕಣ್ಣಿಗೆ ಬೀಳದಂತೆ ಅವನದೊಂದು ವಿಧಾನವಿತ್ತು: ಪರದೆಯ ಮುಕ್ಕಾಲು ಭಾಗವನ್ನು ಅಂಗೈಯಿಂದ ಮುಚ್ಚಿ, ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಅರ್ಧ ತೆರೆದು, ರೇಸ್ ನಡೆದ ಊರಿನ ಹೆಸರಿನ ಮೊದಲ ಎರಡು ಅಕ್ಷರ ಕಂಡ ಕೂಡಲೇ ಒತ್ತುವುದು. ಅಂಗಡಿಯವನು ಇವನಿಗೆ ಕಣ್ಣಿನ ರೋಗವೆಂದು ತಿಳಿದು ಮರುಕಪಡುತ್ತಿದ್ದ. ಆ ದಿನವೂ ಹಾಗೇ ಒತ್ತಿ, ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಬಂದ.

ನಾಲ್ಕು ಗಂಟೆಗೆ ಬಾಯ್ಲರ್ ಆರಿತು. ಮಡಿಸಿದ ಹಾಸುಗಳ ಅಟ್ಟಿಗಳ ನಡುವೆ ಎಲ್ಲರೂ ಜಾಗ ಹಿಡಿದರು. ಭಾವ ಬಾಗಿಲ ಬಳಿ, ಒತ್ತಡದ ಮುಳ್ಳು ಕಾಣುವ ಹಾಗೆ. ರೋಲರಕ್ಕ ಟಿ.ವಿ.ಗೆ ತೀರ ಹತ್ತಿರ, ತಿರುವಿ ಹಾಕಿದ ಬುಟ್ಟಿಯ ಮೇಲೆ. ಅವಳು ಆ ದಿನ ಒಬ್ಬರಿಗೂ ಚುಚ್ಚಿ ಮಾತಾಡಿರಲಿಲ್ಲ. ಅದೇ ಹೊಲಿಗೆಯಮ್ಮನಿಗೆ ಹೆದರಿಕೆ.

ರೇಸ್ ಶುರುವಾಯಿತು. ಮೊದಲ ತಿರುವಿನಲ್ಲೇ ಯಂತ್ರ ಮುಂದೆ, ಕುಳ್ಳ ಅವನ ಬೆನ್ನಿಗೆ.

“ಓಹೋ, ಈ ವರ್ಷ ಮೊದಲ ಸಲ ನಿನ್ನವನು ಮೈಚಳಿ ಬಿಟ್ಟ ನೋಡು,” ಎಂದ ಭಾವ. “ಏನೇ ಇರ್ಲಿ, ನಮ್ಮ ಕಾರು ಕೊಟ್ಟ ಮೇಲೆ ಕುಂಟನೂ ಓಡ್ತಾನೆ.”

“ಆ ಹೊಸ ಹುಡುಗ ಎಲ್ಲಿ? ಬಿಳೀ ಹೆಲ್ಮೆಟ್ಟಿನವನು?” ಎಂದು ವ್ಯಾನಣ್ಣ ಹುಡುಕಿದ. “ಕಾಣ್ತಾನೇ ಇಲ್ಲ.”

“ಗೋಡೆಗೆ ಗುದ್ದಿರ್ತಾನೆ. ಅವನಿಗೆ ಬೇರೆ ಏನು ಕೆಲಸ?” ಎಂದು ಭಾವ ಆ ಹುಡುಗನ ಕಥೆ ಮುಗಿಸಿದ.

ಕುಳ್ಳ ಎಡಗಡೆಯಿಂದ ನುಗ್ಗಿದ, ಯಂತ್ರ ಅಡ್ಡ ಬಂದು ಬಾಗಿಲು ಹಾಕಿದ. ಬಲಗಡೆಯಿಂದ ನುಗ್ಗಿದ, ಮತ್ತೆ ಹಾಕಿದ. ವಿವರಣೆಗಾರ ಕಿರುಚತೊಡಗಿದ.

“ಏನಂತೆ, ಏನಂತೆ?” ಎಂದಿತು ಕೋಣೆ.

ಚೀಟಿಗೆ ಅರ್ಥವಾದದ್ದು ‘ಬ್ಯೂಟಿಫುಲ್’ ಒಂದೇ. “ಅದು... ಟೀಮಿನವರು ಕುಳ್ಳನಿಗೆ ರೇಡಿಯೋದಲ್ಲಿ ಹೇಳ್ತಿದ್ದಾರಂತೆ, ಒಂದೇ ಮನೆಯವರು ಹೀಗೆ ಕಿತ್ತಾಡಬೇಡಿ, ಹಿಂದೆ ಇರು ಅಂತ.”

“ಮತ್ತೆ?”

“ಅವನು... ಕೇಳಲ್ಲ ಅಂತಿದ್ದಾನೆ.”

“ಭಲೇ!” ಎಂದು ವ್ಯಾನಣ್ಣ ತೊಡೆ ತಟ್ಟಿದ. “ಇಷ್ಟು ದಿನ ತಲೆ ತಗ್ಗಿಸಿದ್ದು ಸಾಕಾಯ್ತು ಅವನಿಗೆ.”

“ಇದು ತಪ್ಪು,” ಎಂದ ಭಾವ ಎದ್ದು ನಿಂತು. “ಮನೆಗೆ ಬಂದವನು ಮನೆಯ ಶಿಸ್ತಿಗೆ ಬಗ್ಗಬೇಕು. ಹಿರಿಯವನು ಮುಂದಿದ್ದಾನೆ, ಅವನಿಗೊಂದು ಮರ್ಯಾದೆ ಬೇಡ್ವಾ?”

“ಹಿರಿಯವನು ನಿಧಾನ ಆದ್ರೆ?” ಎಂದಳು ರೋಲರಕ್ಕ, ತಿರುಗದೆ.

“ನಿಧಾನ ಎಲ್ಲಿ ಆಗಿದ್ದಾನೆ?”

“ಹಿಂದಿರೋನ ಕಣ್ಣಿಗೆ ಕಾಣುತ್ತೆ ಭಾವ. ಮುಂದಿರೋನಿಗೆ ಗೊತ್ತಾಗಲ್ಲ.”

ಟೈರ್ ಬದಲಾಯಿಸಲು ಕುಳ್ಳ ಟ್ರ್ಯಾಕ್ ಬಿಟ್ಟು ತನ್ನ ಟೀಮಿನವರ ಬಳಿ ಬಂದ. ಮುಂದಿನ ಜಾಕ್ ಹಿಡಿದವನೊಬ್ಬ ಎಡಗಾಲು ಎಳೆಯುತ್ತ ಓಡಿ ಬಂದು ಕಾರನ್ನೆತ್ತಿದ; ಕುಳ್ಳ ಅವನಿಗೆ ಎರಡು ಬೆರಳೆತ್ತಿ ಏನೋ ಸನ್ನೆ ಮಾಡಿ ಹೊರಟುಹೋದ. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಮುಗಿಯಿತು. ರೋಲರಕ್ಕ ಬುಟ್ಟಿಯ ಮೇಲಿಂದ ಅರ್ಧ ಎದ್ದಳು, ಏನೋ ಹೇಳಲು ಬಾಯಿ ತೆರೆದಳು, ಮತ್ತೆ ಕೂತಳು. ಚೀಟಿ ಅದನ್ನು ನೋಡಿದ. ನಾಳೆಯ ಉತ್ತರ ಗಂಟಲಿಗೆ ಬಂದು ಹಿಂದೆ ಹೋಯಿತೇನೋ ಎಂದುಕೊಂಡ. ಊಹೆ ಮಾಡುವುದರಲ್ಲಿ ಅವನು ಹಿಂದಿನಿಂದಲೂ ಎತ್ತಿದ ಕೈ.

ಕೊನೆಯ ಸುತ್ತುಗಳಲ್ಲಿ ಕೋಣೆಯಲ್ಲಿ ಯಾರೂ ಕೂತಿರಲಿಲ್ಲ, ರೋಲರಕ್ಕನೊಬ್ಬಳನ್ನು ಬಿಟ್ಟು. ಭಾವ ಒತ್ತಡದ ಮುಳ್ಳನ್ನೇ ಮರೆತು ಟಿ.ವಿ.ಯ ಎದುರಿಗೆ ಬಂದುಬಿಟ್ಟಿದ್ದ. “ಬಿಡಬೇಡ, ಒಳಗಿನ ದಾರಿ ಬಿಡಬೇಡ!” ಎಂದು ಅವನು ಯಂತ್ರನಿಗೆ, “ಈಗ, ಈಗ ಹೋಗು!” ಎಂದು ವ್ಯಾನಣ್ಣ ಕುಳ್ಳನಿಗೆ. ಹೊಲಿಗೆಯಮ್ಮ ಯಾರಿಗೆಂದು ತಿಳಿಯದೆ ಇಬ್ಬರಿಗೂ ಚಪ್ಪಾಳೆ ಹೊಡೆದಳು. ಕಾರಿನ ಮೂತಿಯಷ್ಟು ಅಂತರದಲ್ಲಿ ಯಂತ್ರ ಗೆದ್ದ.

ಭಾವ ಬೆವರೊರೆಸಿಕೊಂಡ. ಖುಷಿಯಲ್ಲಿ ಅವನ ಬಾಯಿ ಉದಾರವಾಯಿತು. “ಒಪ್ಪಿದೆ ಕಣಮ್ಮ. ನಿನ್ನವನು ಗಂಡು. ಇಂಥ ರೇಸ್ ಈಚೆಗೆ ನೋಡೇ ಇರಲಿಲ್ಲ.”

ರೋಲರಕ್ಕ ನಕ್ಕಳು. ಹೊಲಿಗೆಯಮ್ಮ ಚೀಟಿಯ ಕಡೆ ನೋಡಿ, ಇವನೇ ಕಾರು ಓಡಿಸಿ ಗೆದ್ದ ಹಾಗೆ ತಲೆಯಾಡಿಸಿದಳು.

ಬಾಯಿಬೀಗ ತೆರೆಯಿತು. ವ್ಯಾನಣ್ಣ ತಕ್ಷಣ ಫೋನ್ ತೆಗೆದು ತನ್ನ ಭಾಮೈದನಿಗೆ ಹಚ್ಚಿದ. “ಏನಯ್ಯಾ, ನೋಡ್ದಾ ನಮ್ಮ ಕುಳ್ಳನ್ನ? ಎರಡನೇ ಸ್ಥಾನ! ಯಂತ್ರನ ಬೆವರಿಳಿಸಿಬಿಟ್ಟ... ಏನು?... ಯಾರು?... ಯಾವಾಗ?”

ಅವನ ಮುಖ ನೀರಿಗೆ ಹಾಕಿದ ಕಾಗದದಂತೆ ಮೆತ್ತಗಾಯಿತು. ಫೋನಿನ ಬಾಯಿ ಮುಚ್ಚಿ, “ಕುಳ್ಳ ಮೂರನೇ ಸುತ್ತಲ್ಲೇ ಕೆಟ್ಟು ನಿಂತನಂತೆ. ಗೆದ್ದದ್ದು ಆ ಬಿಳೀ ಹೆಲ್ಮೆಟ್ ಹುಡುಗನಂತೆ” ಎಂದ.

“ನಿನ್ನ ಭಾಮೈದ ಕುಡಿದಿದ್ದಾನೆ,” ಎಂದ ಭಾವ.

“ಅವನು ಕುಡಿಯಲ್ಲ. ಅದಕ್ಕೇ ನನಗೂ ಅವನಿಗೂ ಆಗಲ್ಲ.”

ಎಲ್ಲರೂ ಚೀಟಿಯ ಕಡೆ ತಿರುಗಿದರು. ಚೀಟಿ ಪೆನ್‌ಡ್ರೈವ್ ಕಿತ್ತು ಮತ್ತೆ ಚುಚ್ಚಿ, ಮೊದಲ ಸಲ ಎರಡೂ ಕಣ್ಣು ತೆರೆದು ಫೈಲಿನ ಹೆಸರನ್ನು ಪೂರ್ತಿ ಓದಿದ. ಊರು ಅದೇ. ವರ್ಷ ಕಳೆದದ್ದು.

ಅಂದರೆ ಅವರು ಇಷ್ಟು ಹೊತ್ತು ನೋಡಿದ್ದು ಹೋದ ವರ್ಷ ಇದೇ ಕೋಣೆಯಲ್ಲಿ, ಇದೇ ಬುಟ್ಟಿಗಳ ಮೇಲೆ ಕೂತು ನೋಡಿದ್ದ ರೇಸು. ಆಗ ಕುಳ್ಳ ಇದ್ದದ್ದು ಕಿತ್ತಳೆ ಟೀಮಿನಲ್ಲಿ. ಒಂದೇ ಮನೆಯವರ ಕಿತ್ತಾಟ, ರೇಡಿಯೋದ ಬುದ್ಧಿಮಾತು, ಕುಳ್ಳನ ಎದುರುತ್ತರ, ಎಲ್ಲ ಚೀಟಿಯ ಬಿ.ಎ. ಪದವಿಯ ಫಲ.

“ಕಿತ್ತಾಡಬೇಡಿ ಅಂತ ಹೇಳಿದ್ರಂತೆ!” ಎಂದು ಭಾವ ಅವನ ಮೇಲೆರಗಿದ. “ಯಾರೋ ಹೇಳಿದ್ದು? ನಿಮ್ಮಪ್ಪನಾ?”

“ನೀವೂ ಅವನಿಗೆ ಶಿಸ್ತು ಕಲಿಸಿದ್ರಲ್ಲ ಭಾವ,” ಎಂದ ಚೀಟಿ ಮೆಲ್ಲಗೆ.

“ಯಾವ ವರ್ಷದ ಯಂತ್ರ ಅಂತ ಹೇಗೆ ಗೊತ್ತಾಗ್ಬೇಕು? ಎಲ್ಲ ವರ್ಷವೂ ಅವನೇ ಗೆಲ್ತಾನೆ!” ಎಂದ ಭಾವ. ತನ್ನವನ ಮೇಲೆ ಅವನು ದೂರು ಹೇಳಿದ್ದು ಅದೇ ಮೊದಲು. “ಈ ವರ್ಷ ಒಂದೇ ಒಂದು ಸಲ ಬೇರೆಯವನು ಗೆದ್ದ. ಅದನ್ನೇ ನಾವು ನೋಡಲಿಲ್ಲ.”

“ಅವನನ್ನ ಬೈಬೇಡಿ,” ಎಂದಳು ರೋಲರಕ್ಕ. “ನನಗೆ ಟೈರ್ ಬದಲಾಯಿಸುವಾಗಲೇ ಗೊತ್ತಾಯ್ತು. ಆ ಕುಂಟ ಜಾಕಿನವನು ಕಿತ್ತಳೆಯವರ ಹತ್ರ ಇರೋನು.”

“ಮತ್ತೆ ಬಾಯಿ ಬಿಡಬಾರದಾ?”

“ಬಿಟ್ಟಿದ್ರೆ ಎಲ್ಲರೂ ಎದ್ದು ಮನೆಗೆ ಹೋಗ್ತಿದ್ರಿ. ನಿಮಗೆ ಒಂದು ಮಾತು ಹೇಳೋದಿತ್ತು. ನೀವು ನನ್ನ ಜೊತೆ ಮಾತಾಡೋದು ರೇಸ್ ಇದ್ದಾಗ ಮಾತ್ರ ಅಲ್ವಾ?”

ಅವಳು ಎದ್ದು ನಿಂತಳು. ಮುಖ್ಯವಾದ ಮಾತು ಅವಳಿಗೆ ಕೂತು ಬರುತ್ತಿರಲಿಲ್ಲ.

“ಕಾಲುವೆಯಾಚೆ ಲಾಂಡ್ರಿಯವರು ಮೇಲ್ವಿಚಾರಕಿ ಕೆಲಸಕ್ಕೆ ಕರೆದಿದ್ದಾರೆ. ನಾಳೆ ಬೆಳಿಗ್ಗೆ ಹೂಂ ಅಂತ ಹೇಳಿ ಬರ್ತೀನಿ. ಈ ತಿಂಗಳು ಮುಗಿಸಿ ಇಲ್ಲಿಂದ ಬಿಡ್ತೀನಿ.”

ವ್ಯಾನಣ್ಣ ಫೋನನ್ನು ಜೇಬಿಗಿಳಿಸಿದ. ಹೊಲಿಗೆಯಮ್ಮ ಗಂಡನ ಮುಖ ನೋಡಿದಳು. ಭಾವ ಬಾಗಿಲಿಗೆ ಹೋಗಿ ಒತ್ತಡದ ಮುಳ್ಳು ನೋಡಿದ. ಅದು ಯಾವಾಗಲೋ ತಳಕ್ಕಿಳಿದಿತ್ತು. ಆದರೂ ಅದರ ಗಾಜನ್ನು ಬೆರಳಿನಿಂದ ಕುಟ್ಟಿದ. ಚೀಟಿ ಅಭ್ಯಾಸಬಲದಿಂದ ಇಬ್ಬರ ಮಧ್ಯೆ ಬಂದು ನಿಂತಿದ್ದ, ಏನಾದರೂ ದಾಟಿಸಬೇಕಾಗಬಹುದೆಂದು.

“ನೀನು ಸ್ವಲ್ಪ ಪಕ್ಕಕ್ಕೆ ಹೋಗಪ್ಪ,” ಎಂದ ಭಾವ. ಚೀಟಿ ಹಾಸಿನ ಅಟ್ಟಿಗೆ ಒರಗಿ ನಿಂತ.

ಭಾವ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. ಹಾಕಿಕೊಳ್ಳಲಿಲ್ಲ.

“ಅವತ್ತು ನಾನು ಮ್ಯಾನೇಜರಿಗೆ ಹೇಳಿದ್ನಲ್ಲ, ಆ ಮಾತಿಗೆ ಹೋಗ್ತಿದ್ದೀಯಾ?”

ಆರು ವರ್ಷದಲ್ಲಿ ಆ ಮಾತಿನ ಸುದ್ದಿಯನ್ನು ಆ ಮನೆಯಲ್ಲಾಗಲಿ ಲಾಂಡ್ರಿಯಲ್ಲಾಗಲಿ ಯಾರೂ ನೇರವಾಗಿ ಎತ್ತಿರಲಿಲ್ಲ. ಹೊಲಿಗೆಯಮ್ಮ, “ಈಗ ಯಾ‌ಕ್ರೀ ಅದೆಲ್ಲ...” ಎಂದು ಶುರುಮಾಡಿ ನಿಲ್ಲಿಸಿದಳು.

“ಇಲ್ಲ ಭಾವ,” ಎಂದಳು ರೋಲರಕ್ಕ. “ಆ ಮಾತಿಗೆ ಹೋಗೋದಾಗಿದ್ರೆ ಅವತ್ತೇ ಹೋಗ್ತಿದ್ದೆ. ಹೇಳಿದ್ದು ತಪ್ಪಾಯ್ತು ಅಂತ ನಿಮ್ಮ ಬಾಯಿಂದಲೇ ಕೇಳ್ಬೇಕು ಅಂತ ಇಷ್ಟು ದಿನ ಇಲ್ಲೇ ಇದ್ದೆ. ನೀವು ಹೇಳಲಿಲ್ಲ. ಕಾಲುವೆಯಾಚೆಯವರು ಕರೆದ್ರು, ಅದಕ್ಕೇ ಹೋಗ್ತಿದ್ದೀನಿ.”